ಕಿಮೊ ಮುಗಿಯಿತು, ಇನ್ನು ನಡೆಯುವುದು ಎಲ್ಲಿ? ಹಳ್ಳಿಯವರಿಗೂ ನಗರದವರಿಗೂ ಒಂದು ಮಾರ್ಗದರ್ಶಿ

ನಮ್ಮ ಚಿಕ್ಕಮ್ಮ ಸ್ತನ ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದು ಏಳು ತಿಂಗಳು ನಮ್ಮ ಮನೆಯಲ್ಲಿದ್ದರು. ಆಪರೇಷನ್, ಕಿಮೊ, ಕೊನೆಗೆ ಐದು ವಾರ ಕರೆಂಟು. ಆಸ್ಪತ್ರೆಯ ಕಾಗದದಲ್ಲಿ ವಿಕಿರಣ ಚಿಕಿತ್ಸೆ ಎಂದಿದ್ದರೂ ಅವರ ಊರಿನಲ್ಲಿ ಅದು ‘ಕರೆಂಟು ಕೊಡಿಸುವುದು’. ನಮ್ಮ ಮನೆಯ ಎದುರಿಗೇ ಪಾರ್ಕ್ ಇದೆ. ಚಿಕ್ಕಮ್ಮ ಒಂದು ದಿನವೂ ಅಲ್ಲಿಗೆ ಕಾಲಿಡಲಿಲ್ಲ. ತಲೆಗೆ ಸುತ್ತಿದ ವಸ್ತ್ರ ನೋಡಿ ಯಾರಾದರೂ ಏನಾದರೂ ಕೇಳಿಯಾರು ಎಂಬ ಸಂಕೋಚ. ತಲೆ ಸುತ್ತಿ ಬಿದ್ದರೆ ಎಂಬ ಹೆದರಿಕೆ. ತಿಪಟೂರು ಕಡೆಯ ತಮ್ಮ ಊರಿಗೆ ಮರಳಿದ ಮೇಲೆ ಕಣ್ಣು ಹಾಯುವಷ್ಟು ದೂರವೂ ಜಾಗ. ಆದರೆ ಮನೆಯವರು ಕೊಡ ಎತ್ತಲು ಬಿಡಲಿಲ್ಲ, ಅಂಗಳ ಗುಡಿಸಲೂ ಬಿಡಲಿಲ್ಲ. “ಸುಮ್ಮನೆ ಕೂತಿರು, ನೀನು ಉಳಿದು ಬಂದಿದ್ದೇ ಹೆಚ್ಚು” ಎಂದರು. ಅಕ್ಕರೆಯಿಂದಲೇ ಅಂದದ್ದು. ಮೂರು ತಿಂಗಳಲ್ಲಿ ಚಿಕ್ಕಮ್ಮನಿಗೆ ನೆಲದಿಂದ ಏಳಲು ಕೈ ಹಿಡಿಯುವವರು ಬೇಕಾದರು.

ಆಸ್ಪತ್ರೆಯವರು ಕೊಟ್ಟ ನಾಲ್ಕು ಪುಟದ ಡಿಸ್ಚಾರ್ಜ್ ಕಾಗದವನ್ನು ಆಗ ಮತ್ತೆ ತೆಗೆದು ನೋಡಿದೆ. ಮಾತ್ರೆಯ ಹೆಸರುಗಳಿದ್ದವು, ಮುಂದಿನ ತಪಾಸಣೆಯ ದಿನಾಂಕವಿತ್ತು, ಪೌಷ್ಟಿಕ ಆಹಾರ ಸೇವಿಸಿ ಎಂದಿತ್ತು. ಮೈ ಆಡಿಸುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಕ್ಯಾನ್ಸರ್ ದಾಟಿದವರಿಗೆ ವ್ಯಾಯಾಮದ ಅವಕಾಶವಿಲ್ಲ ಎಂದೊಡನೆ ನಮಗೆ ಹೊಳೆಯುವುದು ಜಿಮ್ ಇಲ್ಲದ ಹಳ್ಳಿ, ಫುಟ್‌ಪಾತ್ ಇಲ್ಲದ ಪೇಟೆ. ಅವೂ ನಿಜವೇ. ಆದರೆ ನಾನು ಕಂಡ ಮಟ್ಟಿಗೆ ಅವುಗಳಿಗಿಂತ ಮೊದಲು ಬೇಕಾದದ್ದು ಎರಡು: ಇದನ್ನು ಮಾಡಬಹುದು ಎಂದು ವೈದ್ಯರು ಬರೆದುಕೊಟ್ಟ ಒಂದು ಸಾಲು, ಇವತ್ತು ನಡೆದಿರಾ ಎಂದು ಕೇಳುವ ಒಬ್ಬ ಮನುಷ್ಯ.

ಎರಡನೆಯದು ನನ್ನ ಊಹೆಯಷ್ಟೇ ಅಲ್ಲ. 2025ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ‘ಚಾಲೆಂಜ್’ ಎಂಬ ಅಧ್ಯಯನ ಪ್ರಕಟವಾಯಿತು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮತ್ತು ಕಿಮೊ ಮುಗಿಸಿದ 889 ಮಂದಿ ಅದರಲ್ಲಿದ್ದರು. ಬಹುಪಾಲು ಕೆನಡಾ ಮತ್ತು ಆಸ್ಟ್ರೇಲಿಯದವರು. ಒಂದು ಗುಂಪಿಗೆ ಆರೋಗ್ಯದ ಪುಸ್ತಿಕೆ ಕೊಟ್ಟು ಕಳಿಸಿದರು. ಇನ್ನೊಂದು ಗುಂಪಿನವರ ಬೆನ್ನಿಗೆ ಮೂರು ವರ್ಷ ಕಾಲ ಒಬ್ಬ ತರಬೇತುದಾರರು ನಿಂತರು, ವಿಚಾರಿಸಿದರು, ಹುರಿದುಂಬಿಸಿದರು. ಇಂಥದ್ದೇ ವ್ಯಾಯಾಮ ಆಗಬೇಕೆಂಬ ಕಟ್ಟು ಇರಲಿಲ್ಲ, ಬಿರುಸಿನ ನಡಿಗೆಯೂ ನಡೆಯುತ್ತಿತ್ತು. ಎಂಟು ವರ್ಷಗಳ ಲೆಕ್ಕದಲ್ಲಿ ಪುಸ್ತಿಕೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 83 ಮಂದಿ ಬದುಕುಳಿದಿದ್ದರೆ, ವ್ಯಾಯಾಮದ ಗುಂಪಿನಲ್ಲಿ ಸುಮಾರು 90 ಮಂದಿ. ಇದು ಒಂದು ಬಗೆಯ ಕ್ಯಾನ್ಸರ್‌ನ ಮಾತು. ಎಲ್ಲಕ್ಕೂ ಹಾಗೆಯೇ ಅನ್ವಯಿಸಲಾಗದು. ಆದರೆ ಪುಸ್ತಿಕೆಗೂ ಮನುಷ್ಯನಿಗೂ ಇರುವ ವ್ಯತ್ಯಾಸವನ್ನು ಗಮನಿಸಿ.

ಇನ್ನು ಸುಸ್ತಿನ ವಿಷಯ. ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಹೊಲದಲ್ಲಿ ದುಡಿದು ಬಂದ ಸುಸ್ತಿನಂತಲ್ಲ. ಮಲಗಿದರೆ ಅದು ಕಳೆಯುವುದಿಲ್ಲ. ಮಲಗಿದಷ್ಟೂ ಸ್ನಾಯು ಸೊರಗಿ, ಸುಸ್ತು ಇನ್ನಷ್ಟು ಏರುತ್ತದೆ. ಅದನ್ನು ತಗ್ಗಿಸಲು ಇರುವ ಒಳ್ಳೆಯ ಉಪಾಯಗಳಲ್ಲಿ ಮೈ ಆಡಿಸುವುದೂ ಒಂದು. ಇದನ್ನು ರೋಗಿಗಿಂತ ಮೊದಲು ಮನೆಯವರಿಗೆ ತಿಳಿಸಬೇಕು.

ಮೊದಲ ಹೆಜ್ಜೆ: ಒಂದು ಸಾಲು ಬರೆಸಿಕೊಳ್ಳಿ

ಮುಂದಿನ ತಪಾಸಣೆಗೆ ಹೋದಾಗ “ವ್ಯಾಯಾಮ ಮಾಡಬಹುದೇ ಡಾಕ್ಟರ್?” ಎಂದಷ್ಟೇ ಕೇಳಬೇಡಿ. “ಮಾಡಿ, ಮಾಡಿ” ಎಂದು ಅವರು ಮುಂದಿನ ರೋಗಿಯತ್ತ ತಿರುಗುತ್ತಾರೆ. ಹೊರಗೆ ನೂರು ಜನ ಕಾದಿರುತ್ತಾರೆ, ಅವರದ್ದೂ ತಪ್ಪಲ್ಲ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಮೂಳೆಗೆ ರೋಗ ತಗುಲಿದೆಯೇ? ಕೊಟ್ಟ ಔಷಧಿಯಲ್ಲಿ ಹೃದಯಕ್ಕೆ ತೊಂದರೆ ಮಾಡುವಂಥದ್ದು ಇತ್ತೇ, ಎಕೋ ಪರೀಕ್ಷೆ ಬೇಕೇ? ಎಷ್ಟು ಕೆಜಿ ಎತ್ತಬಹುದು, ಯಾವಾಗಿನಿಂದ? ಯಾವ ಚಲನೆ ಬೇಡ? ಫಿಸಿಯೋಥೆರಪಿಸ್ಟ್ ಬಳಿಗೆ ಚೀಟಿ ಕೊಡುತ್ತೀರಾ? ಉತ್ತರ ಬಾಯಲ್ಲಿ ಬಂದರೆ ಕಾಗದದ ಮೇಲೆ ಬರೆದುಕೊಡಿ ಎಂದು ವಿನಂತಿಸಿ. ಊರಿನಲ್ಲಿ ಅತ್ತೆಯ ಮುಂದೆ, ಮಗನ ಮುಂದೆ, ಜಿಮ್ಮಿನ ಹುಡುಗನ ಮುಂದೆ ಕೆಲಸ ಮಾಡುವುದು ಆ ಕಾಗದವೇ. ಚಿಕ್ಕಮ್ಮನ ಕಾಗದದಲ್ಲಿ ಎರಡನೆಯ ಸಲ ವೈದ್ಯರು “ದಿನವೂ ನಡೆಯಬೇಕು, ಮನೆಗೆಲಸ ಮಾಡಬಹುದು” ಎಂದು ಕನ್ನಡದಲ್ಲೇ ಬರೆದರು. ಅದನ್ನು ಅವರ ಮನೆಯಲ್ಲಿ ದೇವರ ಫೋಟೋ ಪಕ್ಕಕ್ಕೆ ಸಿಕ್ಕಿಸಿದ್ದಾರೆ.

ಯಾವ ಕ್ಯಾನ್ಸರ್ ಎಂಬುದರ ಮೇಲೆ ಎಚ್ಚರಿಕೆ ಬದಲಾಗುತ್ತದೆ. ಸ್ತನದ ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕೈ ಊದಿಕೊಳ್ಳುವ ಸಾಧ್ಯತೆ ಇರುತ್ತದೆ. ಆದ್ದರಿಂದ ಆ ಕೈಯಲ್ಲಿ ಜೀವನಪೂರ್ತಿ ಏನನ್ನೂ ಎತ್ತಬಾರದು ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. 2009ರಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಕೈ ಊದಿಕೊಂಡಿದ್ದ 141 ಮಹಿಳೆಯರನ್ನು ಅಧ್ಯಯನಕ್ಕೆ ತೆಗೆದುಕೊಂಡು, ಅರ್ಧದಷ್ಟು ಮಂದಿಗೆ ವಾರಕ್ಕೆರಡು ದಿನ ನಿಧಾನವಾಗಿ ಏರಿಸುತ್ತ ತೂಕ ಎತ್ತಿಸಿದರು. ಊತ ಹೆಚ್ಚಲಿಲ್ಲ; ಊತ ಉಲ್ಬಣಿಸುವ ಪ್ರಸಂಗಗಳು ಎತ್ತದವರಿಗಿಂತ ಕಡಿಮೆಯೇ ಆದವು. ಅಲ್ಲಿ ಮುಖ್ಯವಾದದ್ದು ‘ನಿಧಾನವಾಗಿ ಏರಿಸುತ್ತ’ ಎಂಬುದು, ಮತ್ತು ಊದಿದ ಕೈಗೆ ಒತ್ತು ಕೊಡುವ ಬಿಗಿಯಾದ ತೋಳುಗವಸು ತೊಟ್ಟಿದ್ದು. ಮೊದಲ ದಿನವೇ ತುಂಬಿದ ಬಿಂದಿಗೆ ಎತ್ತಿ ಎಂದು ಇದರ ಅರ್ಥವಲ್ಲ.

ನಮ್ಮಲ್ಲಿ ಬಾಯಿಯ ಕ್ಯಾನ್ಸರ್ ಬಹಳ. ತಂಬಾಕು, ಗುಟ್ಕಾ, ಅಡಿಕೆ ಯಾವ ಊರನ್ನೂ ಬಿಟ್ಟಿಲ್ಲ. ಇವರಿಗೆ ನಡಿಗೆ ಮಾತ್ರ ಸಾಲದು. ಕುತ್ತಿಗೆಯ ಗ್ರಂಥಿ ತೆಗೆಯುವಾಗ ಹೆಗಲಿನ ನರಕ್ಕೆ ಪೆಟ್ಟಾಗಿ ಹೆಗಲು ಜೋಲಬಹುದು. ಕರೆಂಟು ಕೊಟ್ಟ ಮೇಲೆ ದವಡೆ ಬಿಗಿಯಬಹುದು. ಬಾಯಿ 35 ಮಿಲಿಮೀಟರ್‌ನಷ್ಟಾದರೂ ತೆರೆಯಬೇಕು. ಮನೆಯ ಅಳತೆ ಎಂದರೆ ನಿಮ್ಮವೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹೋಗಬೇಕು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದೊಂದಾಗಿ ಸೇರಿಸುತ್ತ ಬಾಯಿ ಬಿಡಿಸುವ ವ್ಯಾಯಾಮವನ್ನು ಆಸ್ಪತ್ರೆಯಲ್ಲಿ ಹೇಳಿಕೊಡುತ್ತಾರೆ. ಇದನ್ನು ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ ಮಾಡಬೇಕು. ಬಿಟ್ಟರೆ ಮುದ್ದೆ ನುಂಗುವುದಿರಲಿ, ಹಲ್ಲುಜ್ಜುವುದೂ ಕಷ್ಟ. ವ್ಯಾಯಾಮ ಎಂದರೆ ಕೈಕಾಲಿನದು ಮಾತ್ರ ಎಂದುಕೊಂಡು ಇದನ್ನು ಮರೆಯುವವರೇ ಹೆಚ್ಚು, ಅದಕ್ಕೇ ಇಷ್ಟು ಉದ್ದ ಬರೆದೆ.

ಹೊಟ್ಟೆಯ ಮೇಲೆ ಮಲದ ಚೀಲ ಇರುವವರು ಭಾರವನ್ನು ತೀರಾ ಕಡಿಮೆಯಿಂದ ಶುರುಮಾಡಬೇಕು, ಹರ್ನಿಯಾ ಆಗುವ ಭಯವಿದೆ. ಕಿಮೊದಿಂದ ಪಾದ ಜೋಮು ಹಿಡಿದಿದ್ದರೆ ಬರಿಗಾಲಲ್ಲಿ ಎಂದಿಗೂ ನಡೆಯಬೇಡಿ, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಮೂಳೆಗೆ ರೋಗ ಹರಡಿದ್ದರೆ ಬಾಗಿ ತಿರುಚುವ, ಜಿಗಿಯುವ ಯಾವುದನ್ನೂ ತಜ್ಞರನ್ನು ಕೇಳದೆ ಮಾಡಬೇಡಿ.

ಎರಡನೆಯದು: ಇವತ್ತು ಎಷ್ಟಾಗುತ್ತದೆ ಎಂದು ನೋಡಿ

ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸಿ. ಪಕ್ಕದಲ್ಲಿ ಒಬ್ಬರಿರಲಿ. ಹೆಗಲಿನ ತೊಂದರೆ ಇದ್ದವರು ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸಿ, ಮುಟ್ಟಿದ ಕಡೆ ಪೆನ್ಸಿಲ್‌ನಿಂದಲೋ ಇದ್ದಿಲಿನಿಂದಲೋ ಗೆರೆ ಎಳೆಯಿರಿ. ನಡಿಗೆಗೆ ಹಳ್ಳಿಯಲ್ಲಿ ಲೈಟ್ ಕಂಬಗಳಿವೆ. ಚಿಕ್ಕಮ್ಮನ ಮೊದಲ ದಿನದ ಲೆಕ್ಕ ಮೂರು ಕಂಬ. ಹೆಜ್ಜೆ ಎಣಿಸುವ ಗಡಿಯಾರ ಅವರಿಗೆ ತಂದುಕೊಟ್ಟಿದ್ದೆ; ಅದು ಈಗ ಮೊಮ್ಮಗನ ಕೈಯಲ್ಲಿದೆ.

ಮೂರನೆಯದು: ಜಾಗ

ಹಳ್ಳಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ, “ಹೊಲದಲ್ಲಿ ಬೆವರು ಸುರಿಸುವವರಿಗೆ ಬೇರೆ ವ್ಯಾಯಾಮ ಏಕೆ?” ದುಡಿಮೆಯೂ ಲೆಕ್ಕಕ್ಕಿದೆ, ಸಂಶಯವಿಲ್ಲ. ಆದರೆ ದಿನವಿಡೀ ಕುಕ್ಕರುಗಾಲಲ್ಲಿ ಕಳೆ ಕೀಳುವುದರಿಂದ ಹೆಗಲು ಮೇಲೇಳುವುದಿಲ್ಲ. ನೋವು ಬಂದಾಗ ನಿಲ್ಲಿಸುವ ಸ್ವಾತಂತ್ರ್ಯವೂ ಕೂಲಿಗೆ ಹೋದವರಿಗೆ ಇರುವುದಿಲ್ಲ. ಚಿಕಿತ್ಸೆ ಮುಗಿಸಿದವರು ಹೊಲದ ಕೆಲಸಕ್ಕೆ ಮರಳುವಾಗ ಅರ್ಧ ಸಾಲು, ವಿಶ್ರಾಂತಿ, ಮತ್ತೆ ಅರ್ಧ ಸಾಲು ಎಂದು ಆರಂಭಿಸಲಿ. ಗ್ರಂಥಿ ತೆಗೆದ ಕೈಗೆ ಕೈಗವಸು ಇರಲಿ. ಕುಡುಗೋಲಿನ ಸಣ್ಣ ಗೀರಿನಿಂದಲೂ ಸೋಂಕು ತಗುಲಿ ಕೈ ಊದಿಕೊಳ್ಳುತ್ತದೆ. ಬೆಳೆಗೆ ಔಷಧಿ ಹೊಡೆಯುವ ದಿನ ಆ ಕಡೆ ನಡಿಗೆಯೇ ಬೇಡ.

ಎರಡನೆಯ ತೊಡಕು ಸೂಕ್ಷ್ಮವಾದದ್ದು. ಹಳ್ಳಿಯಲ್ಲಿ ಹೆಂಗಸೊಬ್ಬಳು ಕೆಲಸವಿಲ್ಲದೆ ರಸ್ತೆಯಲ್ಲಿ ಅತ್ತಿತ್ತ ನಡೆದರೆ ಅದೊಂದು ಸುದ್ದಿ. ಹಾಗಾಗಿ ನಡಿಗೆಗೆ ಒಂದು ನೆಪ ಬೇಕು. ನಮಗೆ ಸಿಕ್ಕ ನೆಪ ಹಾಲಿನ ಡೇರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಗಡಿಯಾರ ತಪ್ಪಿದರೂ ತಪ್ಪದ ಹೊತ್ತು. ಮೊದಲ ತಿಂಗಳು ಮೊಮ್ಮಗ ಕ್ಯಾನ್ ಹಿಡಿದ, ಚಿಕ್ಕಮ್ಮ ಬರಿಗೈಯಲ್ಲಿ ಜೊತೆಗೆ ಹೋದರು. ಆಮೇಲೆ ಒಂದು ಲೀಟರ್, ಆಮೇಲೆ ಎರಡು. ಡೇರಿ ಇಲ್ಲದ ಊರಲ್ಲಿ ದೇವಸ್ಥಾನ, ಅಂಗನವಾಡಿಗೆ ಮಗುವನ್ನು ಬಿಡುವುದು, ನ್ಯಾಯಬೆಲೆ ಅಂಗಡಿ, ಯಾವುದೂ ಆದೀತು. ಶಾಲೆಯ ಮೈದಾನ ಗಂಟೆ ಹೊಡೆಯುವ ಮುಂಚೆ ಖಾಲಿ ಇರುತ್ತದೆ. ಮುಖ್ಯೋಪಾಧ್ಯಾಯರಿಗೆ ಒಂದು ಮಾತು ಹೇಳಿದರೆ ಸಾಕು.

ಹವೆಯನ್ನೂ ನೋಡಿ. ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಸೂರ್ಯ ಮೇಲೇರುವ ಮೊದಲೇ ಮುಗಿಸಬೇಕು. ಕರೆಂಟು ಕೊಟ್ಟ ಚರ್ಮಕ್ಕೆ ಬಿಸಿಲು ತಾಗದಂತೆ ಹತ್ತಿಯ ಬಟ್ಟೆ ಮುಚ್ಚಿಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಮೂಳೆ ಮುರಿದುಕೊಳ್ಳುವುದಕ್ಕಿಂತ ಜಗಲಿಯ ಮೇಲೆ ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ನಡೆಯುವುದು ಜಾಣತನ.

ಫಿಸಿಯೋಥೆರಪಿಸ್ಟ್ ಬೇಕೆಂದರೆ ಹಳ್ಳಿಯವರಿಗೆ ದೂರವೇ ಅಡ್ಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗವಿರುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯೇ, ಯಾವ ದಿನ ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ವಿಚಾರಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಈ ಓಡಾಟಕ್ಕೆ ಅದನ್ನು ಬಳಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ತಪಾಸಣೆಗೆ ಹೋಗುವ ದಿನವೇ ಅಲ್ಲಿನ ಫಿಸಿಯೋಥೆರಪಿಸ್ಟರನ್ನೂ ಕಾಣುವಂತೆ ಹೊಂದಿಸಿಕೊಳ್ಳಿ. ರೈಲಿನಲ್ಲಾದರೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರಿಯಾಯಿತಿ ಇದೆ. ಫಿಸಿಯೋಥೆರಪಿಸ್ಟ್ ತೋರಿಸುವ ವ್ಯಾಯಾಮವನ್ನು, ಅನುಮತಿ ಕೇಳಿ, ನಿಮ್ಮ ಮೊಬೈಲ್‌ನಲ್ಲೇ ವಿಡಿಯೊ ಮಾಡಿಸಿಕೊಳ್ಳಿ. ಇಂಟರ್ನೆಟ್ಟಿನ ಸಾವಿರ ವಿಡಿಯೊಗಳಿಗಿಂತ ನಿಮ್ಮದೇ ಮೈಗೆಂದು ಹೇಳಿಕೊಟ್ಟ ಆ ನಾಲ್ಕು ನಿಮಿಷ ಹೆಚ್ಚು ಬೆಲೆಯದು. ಸಣ್ಣ ಅನುಮಾನಗಳಿಗೆ ಇ-ಸಂಜೀವನಿಯಲ್ಲಿ ವೈದ್ಯರೊಂದಿಗೆ ವಿಡಿಯೊ ಮೂಲಕ ಮಾತನಾಡಬಹುದು. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೇಳಿದರೆ ಸಂಪರ್ಕ ಮಾಡಿಸುತ್ತಾರೆ.

ನಗರದವರಿಗೆ ಎಲ್ಲವೂ ಹತ್ತಿರ ಎಂಬುದು ಅರ್ಧ ಸತ್ಯ. ಒಡೆದ ಚಪ್ಪಡಿಗಲ್ಲು, ಫುಟ್‌ಪಾತ್ ಮೇಲಿನ ಬೈಕು, ಬೀದಿನಾಯಿ, ಇವುಗಳ ನಡುವೆ ಜೋಮು ಹಿಡಿದ ಪಾದದವರು ಪಾರ್ಕ್ ತಲುಪುವುದೇ ಒಂದು ಸಾಹಸ. ರಸ್ತೆ ಕೆಟ್ಟಿದ್ದರೆ ಅಪಾರ್ಟ್‌ಮೆಂಟಿನ ಕಾರಿಡಾರ್ ಅಥವಾ ಟೆರೇಸು ಸಾಕು. ಪಾರ್ಕಿನ ಕಲ್ಲುಬೆಂಚು ಎದ್ದು ಕೂರುವ ವ್ಯಾಯಾಮಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿನ ತೆರೆದ ಜಿಮ್ ಉಪಕರಣಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ: ಹಲವುದರಲ್ಲಿ ಭಾರವನ್ನು ಕಡಿಮೆ ಮಾಡಿಕೊಳ್ಳಲಾಗದು, ಕಾಲನ್ನು ತೂಗಾಡಿಸುವ ಯಂತ್ರ ಸಮತೋಲ ಕೆಟ್ಟವರನ್ನು ಕೆಡವಬಲ್ಲದು.

ಜಿಮ್ಮಿಗೆ ಸೇರುವುದಾದರೆ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. ತಿಂಗಳ ಲೆಕ್ಕದಲ್ಲಿ ಸೇರಿ. ತರಬೇತುದಾರನಿಗೆ ವೈದ್ಯರ ಕಾಗದ ತೋರಿಸಿ, ಎದೆಯಲ್ಲಿ ಕಿಮೊ ಪೋರ್ಟ್ (ಔಷಧಿ ಹಾಕಲು ಚರ್ಮದಡಿ ಕೂರಿಸಿದ ಪುಟ್ಟ ಸಾಧನ) ಇದೆಯೇ, ಯಾವ ಕೈಯ ಗ್ರಂಥಿ ತೆಗೆದಿದ್ದಾರೆ ಎಂಬುದನ್ನು ಹೇಳಿ. ಅವನು ಅದನ್ನು ಓದದೆ ತೂಕ ಇಳಿಸುವ ಪ್ಯಾಕೇಜಿನ ಮಾತು ತೆಗೆದರೆ ಬೇರೆ ಜಿಮ್ ನೋಡಿ. ರಕ್ತದ ಬಿಳಿ ಕಣ ಕಡಿಮೆ ಇರುವ ದಿನಗಳಲ್ಲಿ ಜನ ತುಂಬಿದ ಜಿಮ್ಮೂ ಈಜುಕೊಳವೂ ಬೇಡ.

ಯೋಗ ತರಗತಿ ಎರಡೂ ಕಡೆ ಸಿಗುತ್ತದೆ. ಬೆಂಗಳೂರಿನ ಎಸ್-ವ್ಯಾಸ ಸಂಸ್ಥೆ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಯೋಗದ ಪರಿಣಾಮವನ್ನು ವರ್ಷಗಳಿಂದ ಅಧ್ಯಯನ ಮಾಡಿದೆ, ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಜೊತೆಗೂಡಿಯೂ ಮಾಡಿದೆ. ನಿದ್ದೆಗೆ, ಮನಸ್ಸಿನ ಕಳವಳಕ್ಕೆ ಯೋಗ ಒಳ್ಳೆಯದು. ಹೊಟ್ಟೆಯ ಆಪರೇಷನ್ ಆದವರಿಗೆ ಕಪಾಲಭಾತಿ, ಮೂಳೆ ಸವೆದವರಿಗೆ ಶೀರ್ಷಾಸನ ಬೇಡ. ಇದರಿಂದಲೇ ಕ್ಯಾನ್ಸರ್ ಗುಣವಾಗುತ್ತದೆ, ಮಾತ್ರೆ ನಿಲ್ಲಿಸಿ ಎನ್ನುವ ಗುರುವಿಗೆ ದೂರದಿಂದಲೇ ನಮಸ್ಕಾರ.

ನಾಲ್ಕನೆಯದು: ಕೇಳುವವರು ಒಬ್ಬರು

ಜೊತೆಗೆ ನಡೆಯುವವರು ಸಿಕ್ಕರೆ ಸಂತೋಷ, ಸಿಗದಿದ್ದರೂ ಕೇಳುವವರನ್ನು ಹುಡುಕಿಕೊಳ್ಳಿ. ಹಳ್ಳಿಯಲ್ಲಿ ಸುಮಾರು ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆ ಇರುತ್ತಾರೆ. ಅವರ ಮೇಲಿನ ಹೊರೆ ಗೊತ್ತಿದೆ, ಆದರೂ ಮನೆಯ ಮುಂದೆ ಹಾದುಹೋಗುವಾಗ “ಎಷ್ಟು ಕಂಬ ಆಯಿತಮ್ಮಾ?” ಎಂದು ಕೇಳಲು ಒಪ್ಪಿಸಬಹುದು. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಹತ್ತು ನಿಮಿಷ ಎಲ್ಲರೂ ಸೇರಿ ಕೈಕಾಲು ಆಡಿಸುವುದಕ್ಕೆ ಯಾರ ತಕರಾರೂ ಇರಲಾರದು. ಸಕ್ಕರೆ ಕಾಯಿಲೆಯವರಿಗೂ ಅದು ಬೇಕಾದದ್ದೇ. ರೋಗದ ವಿಷಯ ಊರಿಗೆಲ್ಲ ತಿಳಿಯುವುದು ಬೇಡ ಎನ್ನುವವರು ಹೀಗೆ ಗುಂಪಿನಲ್ಲಿ ಕರಗಿಹೋಗಬಹುದು. ನಗರದಲ್ಲಿ ಕಿಮೊ ಕೊಠಡಿಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವರೇ ಆಮೇಲೆ ಒಳ್ಳೆಯ ಜೊತೆಗಾರರಾಗುತ್ತಾರೆ, ಅವರ ನಂಬರು ಇಟ್ಟುಕೊಳ್ಳಿ. ಚಿಕ್ಕಮ್ಮನಿಗೆ ರಾತ್ರಿ ಎಂಟಕ್ಕೆ ಫೋನ್ ಮಾಡಿ ಕೇಳುವ ಕೆಲಸ ನನ್ನದಾಗಿತ್ತು. ಎರಡು ನಿಮಿಷದ ಮಾತು. ನಾನು ಮರೆತ ದಿನ ಅವರೂ ನಡೆದಿರುತ್ತಿರಲಿಲ್ಲ.

ಐದನೆಯದು: ಎಷ್ಟು, ಹೇಗೆ

2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡ ಕೊಟ್ಟ ಸಲಹೆ ಸರಳವಾಗಿದೆ: ವಾರಕ್ಕೆ ಮೂರು ದಿನ 30 ನಿಮಿಷ ಬಿರುಸಾದ ನಡಿಗೆಯಂಥದ್ದು, ಎರಡು ದಿನ ಸ್ನಾಯು ಗಟ್ಟಿಯಾಗುವಂಥದ್ದು. ಇದು ತಲುಪಬೇಕಾದ ಊರು, ಹೊರಡುವ ಊರಲ್ಲ. ಮೊದಲ ವಾರ ಐದು ನಿಮಿಷ ಬೆಳಿಗ್ಗೆ, ಐದು ನಿಮಿಷ ಸಂಜೆ. ಮೈ ಒಪ್ಪಿದರೆ ವಾರಕ್ಕೆ ಎರಡು ಮೂರು ನಿಮಿಷ ಸೇರಿಸಿ. ಎರಡು ಮೂರು ತಿಂಗಳಲ್ಲಿ ಅರ್ಧ ಗಂಟೆಯಾಗುತ್ತದೆ, ಇನ್ನೊಂದು ತಿಂಗಳು ಹೆಚ್ಚು ಹಿಡಿದರೂ ಯಾರೂ ಕೇಳುವುದಿಲ್ಲ. ವೇಗ ಸರಿಯಿದೆಯೇ ಎಂದು ತಿಳಿಯಲು ಮಾತಾಡಿ ನೋಡಿ: ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕಿಮೊ ಇನ್ನೂ ನಡೆಯುತ್ತಿದ್ದರೆ ಸೂಜಿ ಹಾಕಿಸಿಕೊಂಡ ಮೇಲಿನ ಕೆಲವು ದಿನ ಮನೆಯೊಳಗಿನ ಓಡಾಟವೇ ಸಾಕು.

ಸ್ನಾಯುವಿಗೆ ನಾಲ್ಕು ವ್ಯಾಯಾಮ ಸಾಕು. ಕುರ್ಚಿಯಿಂದ ಎದ್ದು ಕೂರುವುದು. ಗೋಡೆಗೆ ಕೈಯೂರಿ ಎದೆಯನ್ನು ಹತ್ತಿರ ತಂದು ಹಿಂದೆ ತಳ್ಳುವುದು. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತುವುದು. ನೀರಿನ ಬಾಟಲಿ ಹಿಡಿದು ಮೊಣಕೈ ಮಡಿಸುವುದು. ಅರ್ಧ ಲೀಟರ್ ನೀರಿನ ಬಾಟಲಿ ಅರ್ಧ ಕೆಜಿ ಎಂದು ಲೆಕ್ಕ ಹಾಕಿ. ತಕ್ಕಡಿಯೂ ಬೇಡ, ಡಂಬೆಲ್ಲೂ ಬೇಡ. ಎಳೆಯುವ ರಬ್ಬರ್ ಪಟ್ಟಿಗೆ ಬದಲು ಹಳೆಯ ಸೈಕಲ್ ಟ್ಯೂಬ್ ತೊಳೆದು ಕತ್ತರಿಸಿಕೊಳ್ಳಬಹುದು, ಬಿರುಕು ಬಿಟ್ಟದ್ದನ್ನು ಮಾತ್ರ ಬಳಸಬೇಡಿ. ಒಂದೊಂದನ್ನೂ ಎಂಟರಿಂದ ಹದಿನೈದು ಸಲ, ಎರಡು ಸುತ್ತು. ಉಸಿರು ಬಿಗಿಹಿಡಿಯಬೇಡಿ. ಹದಿನೈದು ಸಲ ಸಲೀಸಾಗಿ ಆದರೆ ಮುಂದಿನ ವಾರ ಭಾರ ತುಸು ಹೆಚ್ಚಿಸಿ. ಮರುದಿನ ಕೈ ಬಿಗಿದಂತೆ, ಬಳೆ ಬಿಗಿಯಾದಂತೆ ಅನಿಸಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಬಳೆ ಬಿಗಿಯಾಗುವುದನ್ನು ಕಂಡುಹಿಡಿದದ್ದು ಚಿಕ್ಕಮ್ಮನೇ, ಟೇಪಿನ ಅಳತೆಗಿಂತ ಮೊದಲು.

ನಿಲ್ಲಿಸಬೇಕಾದ ದಿನ

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡಿಗೆಯ ಮಾತು ಹಾಗಿರಲಿ, ಅದರಲ್ಲೂ ಕಿಮೊ ನಡೆಯುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಎದೆನೋವು, ಇದ್ದಕ್ಕಿದ್ದಂತೆ ಏದುಸಿರು ಬಂದರೆ 108ಕ್ಕೆ ಕರೆ ಮಾಡಿ. ಒಂದೇ ಕಾಲು ಊದಿ ನೋಯುವುದು, ಹೊಸದಾಗಿ ರಾತ್ರಿ ಮೂಳೆ ನೋಯುವುದು, ಕೈಯ ಚರ್ಮ ಕೆಂಪೇರಿ ಬಿಸಿಯಾಗುವುದು, ಇವುಗಳಿಗೆ ಕಾಯಬೇಡಿ, ಅದೇ ದಿನ ತೋರಿಸಿ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8ಕ್ಕಿಂತ ಕೆಳಗೆ ಅಥವಾ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಬಂದಿದ್ದರೆ ಭಾರ ಎತ್ತುವುದನ್ನು ಬಿಟ್ಟು, ನಡಿಗೆಯೂ ಎಷ್ಟು ಎಂದು ವೈದ್ಯರನ್ನೇ ಕೇಳಿ.

ಬರೆದಿಡುವುದಕ್ಕೆ ಪುಸ್ತಕ ಬೇಡ, ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ನಡೆದ ದಿನದ ಚೌಕದಲ್ಲಿ ಕಂಬದ ಲೆಕ್ಕ, ಸ್ನಾಯುವಿನ ವ್ಯಾಯಾಮ ಮಾಡಿದ ದಿನ ಒಂದು ಸುತ್ತು, ಸುಸ್ತಾಗಿ ಬಿಟ್ಟ ದಿನ ಖಾಲಿ. ತಪಾಸಣೆಗೆ ಹೋಗುವಾಗ ಆ ಹಾಳೆಯನ್ನೇ ಹರಿದು ಕೊಂಡೊಯ್ಯಿರಿ. ಹೋದ ಸಲ ಚಿಕ್ಕಮ್ಮನ ವೈದ್ಯರು ಸ್ಕ್ಯಾನ್ ವರದಿಗಿಂತ ಮೊದಲು ಆ ಹಾಳೆ ನೋಡಿ, “18ನೇ ತಾರೀಖಿನಿಂದ ಮೂರು ದಿನ ಏಕೆ ಖಾಲಿ?” ಎಂದು ಕೇಳಿದರು. ಊರ ಜಾತ್ರೆ ಇತ್ತಂತೆ.